ಮುಹೂರ್ತದ ವಹಿವಾಟು ಮತ್ತು ದೇವಮೂಢತೆ



ದೀಪಾವಳಿಯು ಭಗವಾನ್ ಮಹಾವೀರರ ನಿರ್ವಾಣದಿನ. ಅಪರಿಗ್ರಹವನ್ನು ಬೋಧಿಸಿದ ಆ ಮಹಾತ್ಮರನ್ನು ಬೆಳಿಗ್ಗೆ ಬಸದಿಯಲ್ಲಿ ಪೂಜಿಸಿದ ಶ್ರಾವಕರಲ್ಲಿ ಹಲವರು, ಬಳಿಕ ಮುಂಬಯಿ ಷೇರುಪೇಟೆಯ ಒಂದು ಗಂಟೆಯ ‘ಮುಹೂರ್ತ’ಕ್ಕಾಗಿ ಕಾಯುತ್ತಾರೆ. 1957ರಿಂದ ಬಂದ ಪದ್ಧತಿಯಿದು. ಕೊಳ್ಳುವವನಿದ್ದರೆ ಅದೇ ಕ್ಷಣದಲ್ಲಿ ಮಾರುವವನೂ ಇರಲೇಬೇಕು. ಬೆಲೆ ಏರಿದರೆ ಒಬ್ಬನಿಗೆ ಲಾಭ, ಇನ್ನೊಬ್ಬನಿಗೆ ಅದು ಕೈತಪ್ಪಿದ ಲಾಭ. ಒಂದೇ ಗಳಿಗೆ ಇಬ್ಬರಿಗೂ ಶುಭವಾಗುವುದೆಂತು?

ಸಂಪ್ರದಾಯಕ್ಕೆಂದು ಒಂದೆರಡು ಷೇರು ಕೊಂಡರೆ ಹಾನಿಯೇನಿಲ್ಲ, ಇರಲಿ. ನಷ್ಟವಾದಾಗ ಲೆಕ್ಕಪುಸ್ತಕವನ್ನು ತೆರೆಯದೆ, ಗ್ರಹಶಾಂತಿಗೂ ಪದ್ಮಾವತಿಯ ಹರಕೆಗೂ ಮತ್ತೆ ಸಾಲ ಮಾಡುವುದು ಮನೆಯನ್ನೇ ಮುಳುಗಿಸುತ್ತದೆ. ವರದ ಆಸೆಯಿಂದ ರಾಗದ್ವೇಷವುಳ್ಳ ದೇವತೆಗಳನ್ನು ಪೂಜಿಸುವುದು ದೇವಮೂಢತೆಯೆಂದು ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಎಂದೋ ಹೇಳಿದ್ದಾರೆ. ಈ ದೀಪಾವಳಿಗೆ ಲೆಕ್ಕಪುಸ್ತಕಕ್ಕೆ ಕುಂಕುಮ ಹಚ್ಚುವ ಮುನ್ನ ಅದರ ಸಾಲದ ಪುಟವನ್ನು ಮನೆಮಂದಿಯೆಲ್ಲ ಕುಳಿತು ಓದಿರಿ.