ಗಿನಿಪಿಗ್ ಸಾಕುವವರಿಗೆ ನಾಲ್ಕು ಮಾತು

(ಕೊಂಢವಾದ ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ವಾಚನಾಲಯದಲ್ಲಿ ದೊಡ್ಡ ದೊಡ್ಡ ವಿಷಯಗಳ ಮೇಲೆ ಭಾಷಣಗಳಾಗಿವೆ. ಇಂದು ನಾವು ಎತ್ತಿಕೊಂಡಿರುವ ವಿಷಯದ ತೂಕ ಹೆಚ್ಚೆಂದರೆ ಒಂದು ಕಿಲೋಗ್ರಾಮಿನ ಆಸುಪಾಸು. ಗಿನಿಪಿಗ್ ಎಂಬ ಪುಟ್ಟ ಪ್ರಾಣಿಯ ವಿಷಯ. “ನಮಗೆ ಇರುವುದೇ ಒಂದು ಖೋಲಿ, ಅದರಲ್ಲಿ ಈ ಉಪದ್ವ್ಯಾಪವೇಕೆ?” ಎಂದು ಕೆಲವರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ಆದರೆ ನಮ್ಮ ಸದಸ್ಯರಲ್ಲಿ ಕೆಲವರ ಮನೆಗೆ ಅದು ಈಗಾಗಲೇ ಬಂದು ಕುಳಿತಿದೆ. ಊರಿನಲ್ಲಿ ಆಕಳು, ಆಡು, ನಾಯಿಗಳ ನಡುವೆ ಬೆಳೆದವರು ನಾವು. ಇಲ್ಲಿ ಮಕ್ಕಳಿಗೆ ಪ್ರಾಣಿ ತೋರಿಸಬೇಕೆಂದರೆ ಕಾತ್ರಜದ ಪ್ರಾಣಿಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಬೇಕು. ಹೀಗಿರುವಾಗ ಮಕ್ಕಳು ಒಂದು ಜೀವವನ್ನು ಮನೆಗೆ ತರೋಣವೆಂದು ಹಠ ಹಿಡಿದರೆ ಅದರಲ್ಲಿ ತಪ್ಪೇನೂ ಇಲ್ಲ.

ಕಳೆದ ಬೇಸಗೆಯಲ್ಲಿ ಸದಸ್ಯರೊಬ್ಬರು ಬಂದು, ಮಕ್ಕಳು ಮೊಬೈಲಿನಲ್ಲಿ ಚಿಂಚಿಲಾ ಎಂಬ ಪ್ರಾಣಿಯನ್ನು ನೋಡಿದ್ದಾರೆ, ಅದನ್ನೇ ತರಬಹುದೆ ಎಂದು ವಿಚಾರಿಸಿದರು. ಬೇಡವೆಂದೇ ನಾವು ಹೇಳಿದೆವು. ಚಿಂಚಿಲಾ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ತಂಪಿನಲ್ಲಿ ಹುಟ್ಟಿದ ಪ್ರಾಣಿ. ಅದರ ಮೈಯಲ್ಲಿ ಒಂದೊಂದು ಕೂದಲ ಬುಡದಿಂದ ಐವತ್ತಕ್ಕೂ ಹೆಚ್ಚು ಎಳೆಗಳು ಹೊರಡುತ್ತವೆ. ಆ ತುಪ್ಪಳದ ಆಸೆಗೆ ಮನುಷ್ಯರು ಅದನ್ನು ಬೇಟೆಯಾಡಿ ಬಹುಮಟ್ಟಿಗೆ ಅಳಿಸಿಬಿಟ್ಟರು. 1923ರಲ್ಲಿ ಚಾಪ್‌ಮನ್ ಎಂಬ ಅಮೆರಿಕದ ಗಣಿ ಎಂಜಿನಿಯರು ಚಿಲಿ ದೇಶದಿಂದ ಹತ್ತುಹನ್ನೆರಡು ಪ್ರಾಣಿಗಳನ್ನು ಕ್ಯಾಲಿಫೋರ್ನಿಯಕ್ಕೆ ಒಯ್ದನು. ಅಮೆರಿಕದ ಮನೆಗಳಲ್ಲಿ ಸಾಕುವ ಚಿಂಚಿಲಾಗಳಲ್ಲಿ ಹೆಚ್ಚಿನವು ಅವುಗಳ ಸಂತತಿ. ಅಂಥ ತುಪ್ಪಳ ಹೊತ್ತ ಪ್ರಾಣಿಗೆ 25 ಡಿಗ್ರಿ ದಾಟಿದರೆ ಸಂಕಟ ಮೊದಲಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಪುಣೆ 38, 40 ಡಿಗ್ರಿ ಮುಟ್ಟುತ್ತದೆ. ಹಗಲಿರುಳೂ ತಂಪು ಯಂತ್ರ ನಡೆಸಬಲ್ಲವರ ಮಾತು ಬೇರೆ. ತಗಡಿನ ಮಾಡಿನ ಕೆಳಗೆ ಅದನ್ನು ತಂದಿಡುವುದು ಕೊಲ್ಲಲು ತಂದಂತೆ.

ಗಿನಿಪಿಗ್ ಇದರ ದೂರದ ನೆಂಟ. ಅದರ ತವರೂ ಆಂಡಿಸ್ ಸೀಮೆಯೇ. ಸಾವಿರಾರು ವರ್ಷಗಳಿಂದ ಮನುಷ್ಯರ ಮನೆಯಲ್ಲಿ ಬೆಳೆದು ಬಂದುದರಿಂದ ನಮ್ಮೊಡನೆ ಹೊಂದಿಕೊಳ್ಳುತ್ತದೆ, ಪುಣೆಯಲ್ಲಿ ಸಿಕ್ಕುತ್ತದೆ. ಆದರೆ ಅದನ್ನು ಸಾಕುವ ಬಗೆ ನಮಗೆ ಮೊದಲೇ ತಿಳಿದಿತ್ತೆಂದು ತಾವು ಭಾವಿಸಬಾರದು.

ನಮ್ಮ ಮನೆಗೆ ಮೊದಲು ಎರಡು ಮರಿಗಳನ್ನು ತಂದೆವು. ಮಾರಿದವನು ರೊಟ್ಟಿ, ಗಜ್ಜರಿ ಹಾಕಿರಿ, ಸಾಕು ಎಂದ. ಹಾಗೆಯೇ ಮಾಡಿದೆವು. ಐದಾರು ತಿಂಗಳಾದ ಮೇಲೆ ಒಂದು ದಿನ ಅವುಗಳಲ್ಲಿ ಒಂದು ಮೂಲೆ ಹಿಡಿದು ಕುಳಿತು ಊಟ ಬಿಟ್ಟಿತು. ಹೊಟ್ಟೆ ಕೆಟ್ಟಿರಬೇಕು, ನಾಳೆ ತಿಂದೀತು ಎಂದುಕೊಂಡೆವು. ಮರುದಿನವೂ ತಿನ್ನಲಿಲ್ಲ. ಮಗುವಿನ ಕೆಮ್ಮಿಗೆ ತಂದ ಅಮಾಕ್ಸಿಸಿಲಿನ್ ಔಷಧಿ ಸ್ವಲ್ಪ ಉಳಿದಿತ್ತು. ಅದನ್ನೇ ನೀರಿನಲ್ಲಿ ಬೆರೆಸಿ ಬಾಯಿಗೆ ಬಿಟ್ಟೆವು. ಮೂರನೆಯ ದಿನ ಬೆಳಗಾಗುವಷ್ಟರಲ್ಲಿ ಅದು ಸತ್ತಿತ್ತು. ಮಕ್ಕಳು ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಉಳಿದದ್ದನ್ನು ಪಶುವೈದ್ಯರ ಬಳಿ ಒಯ್ದಾಗ ಅವರು ನಮ್ಮ ತಪ್ಪುಗಳನ್ನು ಒಂದೊಂದಾಗಿ ತಿಳಿಸಿದರು. ಹುಲ್ಲು ತಿನ್ನುವ ಈ ಪ್ರಾಣಿಯ ಕರುಳಿನಲ್ಲಿ ಹುಲ್ಲನ್ನು ಅರಗಿಸುವ ಒಳ್ಳೆಯ ಸೂಕ್ಷ್ಮಜೀವಿಗಳಿವೆ. ಪೆನಿಸಿಲಿನ್ ಜಾತಿಯ ಔಷಧ ಬಾಯಿಂದ ಹೋದರೆ ಅವು ನಾಶವಾಗಿ, ಕೆಟ್ಟವು ಹೆಚ್ಚಿ, ವಿಷವಾಗುತ್ತದೆ. ಮೊಲಕ್ಕೂ ಚಿಂಚಿಲಾಕ್ಕೂ ಇದೇ ಗತಿ. ಇನ್ನೊಂದು ಮಾತು: ಈ ಪ್ರಾಣಿಗಳ ಕರುಳು ಸದಾ ಆಡುತ್ತಲೇ ಇರಬೇಕು, ಒಂದು ದಿನ ಊಟ ತಪ್ಪಿದರೂ ಅದು ನಿಂತುಬಿಡುತ್ತದೆ. ನಮ್ಮದು ಹಸಿವಿನಿಂದ ಸತ್ತಿತೋ ಔಷಧದಿಂದ ಸತ್ತಿತೋ ವೈದ್ಯರೂ ಖಚಿತವಾಗಿ ಹೇಳಲಿಲ್ಲ. ಎರಡು ತಪ್ಪೂ ನಮ್ಮವೇ.

ಇಂದು ನಾವು ಮುಖ್ಯವಾಗಿ ಹೇಳಬೇಕಾದುದು ಇಷ್ಟೇ. ಕಾಡಿನಲ್ಲಿ ದುರ್ಬಲವಾಗಿ ಕಂಡ ಪ್ರಾಣಿಯನ್ನೇ ಹದ್ದು, ನರಿಗಳು ಮೊದಲು ಹಿಡಿಯುತ್ತವೆ. ಆದುದರಿಂದ ಇಂಥ ಸಣ್ಣ ಪ್ರಾಣಿ ತನ್ನ ನೋವನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ಅದು ಕಾಯಿಲೆ ಬಿದ್ದಂತೆ ನಮ್ಮ ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ದಿನವೂ ಮೂರು ಸಂಗತಿ ನೋಡಬೇಕು: ತಿಂದಿತೆ? ಹಿಕ್ಕೆ ಎಂದಿನಷ್ಟೇ ಇದೆಯೆ? ಚಟುವಟಿಕೆಯಿಂದ ಇದೆಯೆ? ವಾರಕ್ಕೊಮ್ಮೆ ಕಿರಾಣಿ ಅಂಗಡಿಯ ತಕ್ಕಡಿಯಲ್ಲಾದರೂ ತೂಕ ನೋಡಿ ಬರೆದಿಡಬೇಕು. ಬೆಳೆದ ಪ್ರಾಣಿ ವಾರದಲ್ಲಿ ನೂರು ಗ್ರಾಂ ಇಳಿದರೆ ವೈದ್ಯರಲ್ಲಿಗೆ ಹೋಗಲೇಬೇಕು. ಅರ್ಧ ದಿನ ಏನೂ ಮುಟ್ಟದಿದ್ದರೆ ನಾಳೆಗೆ ಕಾಯಬಾರದು.

ಆಹಾರದ ಮಾತು. ಇದಕ್ಕೆ ಮುಖ್ಯ ಊಟ ಹುಲ್ಲು. ಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ಹುಲ್ಲು ಅಗಿದು ಅಗಿದು ಅವು ಸವೆಯಬೇಕು. ರೊಟ್ಟಿ, ಅನ್ನ ತಿಂದು ಸವೆಯುವುದಿಲ್ಲ. ತಿನ್ನಲು ಓಡಿ ಬಂದು, ಬಾಯಿಗೆ ಹಾಕಿಕೊಂಡದ್ದನ್ನು ಕೆಳಗೆ ಬಿಟ್ಟರೆ, ಗದ್ದ ಒದ್ದೆಯಾಗಿದ್ದರೆ, ಹಲ್ಲು ಬೆಳೆದಿದೆ ಎಂದು ತಿಳಿಯಬೇಕು. ಒಣಹುಲ್ಲು ಸದಾ ಮುಂದಿರಲಿ. ಔಷಧ ಸಿಂಪಡಿಸದ ಕಡೆಯ ಹಸಿ ಗರಿಕೆ ಬಹಳ ಒಳ್ಳೆಯದು. ಇಲ್ಲಿನವರು ಲಸೂಣ್ ಘಾಸ್ ಎನ್ನುವ ಕುದುರೆಮೆಂತೆ ಮರಿಗಳಿಗೆ, ಬಸುರಿಗೆ ಸರಿ. ಬೆಳೆದವಕ್ಕೆ ದಿನವೂ ಹಾಕಿದರೆ ಸುಣ್ಣದ ಅಂಶ ಹೆಚ್ಚಾಗಿ ಮೂತ್ರದಲ್ಲಿ ಕಲ್ಲಾಗಬಹುದು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಆಲೂಗಡ್ಡೆ, ಸಿಹಿತಿಂಡಿ ಕೂಡವು.

ಮನುಷ್ಯನ ಹಾಗೆಯೇ ಗಿನಿಪಿಗ್ಗಿನ ದೇಹವೂ ‘ಸಿ’ ಜೀವಸತ್ತ್ವವನ್ನು ತಾನೇ ತಯಾರಿಸಿಕೊಳ್ಳಲಾರದು. 1907ರಲ್ಲಿ ನಾರ್ವೆಯ ಹೋಲ್ಸ್ಟ್, ಫ್ರೋಲಿಕ್ ಎಂಬ ವಿಜ್ಞಾನಿಗಳು ಬರಿ ಕಾಳು ತಿನ್ನಿಸಿದ ಗಿನಿಪಿಗ್ಗುಗಳಿಗೆ ನಾವಿಕರಿಗೆ ಬರುವ ಸ್ಕರ್ವಿ ರೋಗವೇ ಬರುವುದನ್ನು ಕಂಡರು. ಆ ಜೀವಸತ್ತ್ವದ ಶೋಧಕ್ಕೆ ದಾರಿಯಾದದ್ದು ಇದೇ. ಕೀಲು ಊದಿ, ಒಸಡು ಒಸರಿ, ನಡೆಯಲಾರದೆ ಕುಂಟುವುದು ಅದರ ಲಕ್ಷಣ. ದಿನವೂ ಸ್ವಲ್ಪ ಕೊತ್ತಂಬರಿ, ಒಂದು ತುಂಡು ದೊಣ್ಣೆ ಮೆಣಸಿನಕಾಯಿ, ಆಗಾಗ ಚಿಕ್ಕ ಹೋಳು ಪೇರಲಹಣ್ಣು ಕೊಟ್ಟರೆ ಈ ಕೊರತೆ ಬರದು. ದೊಡ್ಡ ಖರ್ಚೇನೂ ಅಲ್ಲ.

ಬಿಸಿಲಿನ ಮಾತು. ಗಿನಿಪಿಗ್ಗಿಗೂ 28 ಡಿಗ್ರಿ ಮೀರಿದರೆ ಅಪಾಯ ಹತ್ತಿರ. ಪಂಜರವನ್ನು ನೆಲದ ಮೇಲೆ, ಕಿಟಕಿಯ ಬಿಸಿಲು ತಾಗದಂತೆ ಇಡಿರಿ. ಕಿಟಕಿಗೆ ಒದ್ದೆ ಗೋಣಿ ಕಟ್ಟಿರಿ. ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟರೆ ಅದಕ್ಕೆ ಒರಗಿ ಮಲಗುತ್ತದೆ. ಮೈಚಾಚಿ ಬಿದ್ದು, ಏದುಸಿರು ಬಿಡುತ್ತ ಜೊಲ್ಲು ಸುರಿಸಿದರೆ, ತಂಪಾದ ಕಡೆಗೆ ಒಯ್ದು, ಕಿವಿ, ಕಾಲುಗಳನ್ನು ತಣ್ಣೀರಿನಿಂದ ಒದ್ದೆ ಮಾಡಿ, ಕೂಡಲೇ ವೈದ್ಯರಲ್ಲಿಗೆ ಹೊರಡಿರಿ. ಮಂಜಿನ ನೀರಿನಲ್ಲಿ ಮುಳುಗಿಸಬೇಡಿರಿ. ಮಳೆಗಾಲದಲ್ಲಿ ಬೂಸಲು ಹಿಡಿದ ಹುಲ್ಲು ಹಾಕಬಾರದು; ಹಾಸು ಒದ್ದೆಯಾಗಿ ಉಳಿಯಬಾರದು. ಕೂದಲುದುರಿ ಗುಂಡಗೆ ಹುರುಕು ಕಂಡರೆ ಅದು ಗಜಕರ್ಣವಿರಬಹುದು. ಮಕ್ಕಳಿಗೂ ಅಂಟುತ್ತದೆ, ಎಚ್ಚರಿಕೆ.

ಸ್ವಭಾವದ ಮಾತು. ಸೊಪ್ಪಿನ ಚೀಲದ ಸದ್ದು ಕೇಳಿದೊಡನೆ ಅದು ಸೀಟಿ ಹಾಕುವುದು ಸಂತೋಷಕ್ಕೆ. ಹಲ್ಲು ಕಟಕಟಿಸಿದರೆ ಸಿಟ್ಟು. ಆಗ ಕೈ ಹಾಕಬಾರದು. ತನ್ನ ಹಿಕ್ಕೆಯಲ್ಲಿ ಒಂದಿಷ್ಟನ್ನು ತಾನೇ ತಿನ್ನುವುದು ಅದರ ಪ್ರಕೃತಿಧರ್ಮ, ಕೊಳಕೆಂದು ಬಯ್ಯಬೇಡಿ. ತನ್ನದೋ ಜೊತೆಯದೋ ಕೂದಲನ್ನು ಕಚ್ಚಿ ಕತ್ತರಿಸುತ್ತಿದ್ದರೆ, ಬೇಸರವೋ ಹುಲ್ಲಿನ ಕೊರತೆಯೋ ಇದೆಯೆಂದು ತಿಳಿಯಿರಿ. ಒಂಟಿಯಾಗಿ ಇದು ಸೊರಗುತ್ತದೆ. ಎರಡಿರಬೇಕು, ಆದರೆ ಒಂದೇ ಲಿಂಗದವು. ಗಂಡು ಹೆಣ್ಣು ಕೂಡಿಸಿದರೆ ಎರಡು ತಿಂಗಳಿಗೊಮ್ಮೆ ಮರಿಗಳಾಗಿ ಖೋಲಿ ಸಾಲದು. ಏಳು ತಿಂಗಳು ಕಳೆದ ಹೆಣ್ಣು ಮೊದಲ ಸಲ ಬಸುರಾದರೆ ಹೆರಿಗೆಯಲ್ಲಿ ಸಾಯುವ ಭಯವುಂಟು. ಮೊಲದ ಜೊತೆಗೂ ಇಡಬೇಡಿರಿ. ಮಕ್ಕಳು ಎತ್ತುವಾಗ ನೆಲದ ಮೇಲೆ ಕುಳಿತು ಒಂದು ಕೈ ಎದೆಯ ಕೆಳಗೆ, ಒಂದು ಕೈ ಹಿಂಭಾಗಕ್ಕೆ ಕೊಡಬೇಕು. ಗಣೇಶೋತ್ಸವದ ಢೋಲ್ ತಾಶಾ, ದೀಪಾವಳಿಯ ಪಟಾಕಿ ಅದರ ಎದೆ ಒಡೆಸುವಂಥವು. ಆ ದಿನಗಳಲ್ಲಿ ಪಂಜರವನ್ನು ಒಳಗಿನ ಮೂಲೆಗೆ ಸರಿಸಿ, ಅಡಗಲು ಒಂದು ರಟ್ಟಿನ ಪೆಟ್ಟಿಗೆ ಇಡಿರಿ.

ಕೊನೆಯ ಮಾತು ನಮ್ಮಂಥವರಿಗೇ ಸಂಬಂಧಿಸಿದ್ದು. ಜಾತ್ರೆಗೆಂದೋ ಮದುವೆಗೆಂದೋ ತಂತಿ ಬಂದಂತೆ ನಾವು ಒಮ್ಮೆಲೇ ಊರಿಗೆ ಹೊರಡುತ್ತೇವೆ. ನಾಲ್ಕು ದಿನದ ಹುಲ್ಲು ಹಾಕಿ ಬೀಗ ಜಡಿದು ಹೋಗುವಂತಿಲ್ಲ. ಬೇಸಗೆಯ ಬಸ್ಸಿನಲ್ಲಿ ಕಲಬುರ್ಗಿಗೋ ವಿಜಯಪುರಕ್ಕೋ ಒಯ್ಯುವಂತೆಯೂ ಇಲ್ಲ. ಇದು ಐದರಿಂದ ಎಂಟು ವರ್ಷ ಬದುಕುವ ಪ್ರಾಣಿ. ಅಷ್ಟು ವರ್ಷ ಯಾರು ನೋಡುತ್ತಾರೆ, ಊರಿಗೆ ಹೋದಾಗ ಯಾರ ಮನೆಯಲ್ಲಿ ಬಿಡುವುದು, ಈ ಪ್ರಾಣಿಯನ್ನು ಬಲ್ಲ ವೈದ್ಯರು ಎಲ್ಲಿದ್ದಾರೆ, ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆಯೇ ಪಂಜರ ಕೊಳ್ಳಿರಿ. ಉತ್ತರ ಸಿಗದಿದ್ದರೆ ಮಕ್ಕಳಿಗೆ ಬೇಡವೆನ್ನುವುದೇ ದಯೆ.

ಸದ್ಯ ನಮ್ಮ ಸದಸ್ಯರಲ್ಲಿ ಸಾಕಿದವರು ಪರಸ್ಪರ ಒಪ್ಪಂದ ಮಾಡಿಕೊಂಡಿದ್ದೇವೆ: ಒಬ್ಬರು ಊರಿಗೆ ಹೋದರೆ ಇನ್ನೊಬ್ಬರು ನೋಡಿಕೊಳ್ಳುವುದು. ಇದರಲ್ಲಿ ಸೇರಬಯಸುವವರು ವಾಚನಾಲಯದ ಮೇಜಿನ ಮೇಲಿರುವ ವಹಿಯಲ್ಲಿ ಹೆಸರು ಬರೆಯಿರಿ. ಹೊಸದಾಗಿ ತರಬೇಕೆಂದಿರುವವರು ಮಕ್ಕಳೊಡನೆ ಮೊದಲು ನಮ್ಮ ಮನೆಗೆ ಬನ್ನಿ. ಒಂದು ವಾರ ಪಂಜರ ಗುಡಿಸಲಿ, ಹುಲ್ಲು ತರಲಿ, ತೂಕ ಬರೆಯಲಿ. ಆಮೇಲೂ ಬೇಕೆಂದರೆ ತನ್ನಿ.