ಮೂವತ್ತು ದಿನಗಳ ಗಡುವು



ಸರ್ಕಾರಿ ಗುತ್ತಿಗೆ ಅನ್ಯಾಯವಾಗಿ ಬಲಾಢ್ಯರ ಪಾಲಾದರೆ ನಾವು ಅಂಗಡಿ ಜಗಲಿಯಲ್ಲಿ ಕುಳಿತು ಬೈಯುತ್ತೇವೆ. ಅಷ್ಟರಲ್ಲಿ ಗಡುವು ಕಳೆದಿರುತ್ತದೆ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ 16ನೇ ಪ್ರಕರಣದಂತೆ, ಟೆಂಡರು ಹಾಕಿ ನೊಂದವರು ಅಧಿಕಾರಿಯ ಆದೇಶ ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ತಕ್ಕ ಕಾರಣವಿದ್ದರೆ ಇನ್ನು 30 ದಿನ ಸಿಕ್ಕೀತು. ಅದು ಮೇಲ್ಮನವಿ ಕೇಳುವವರ ವಿವೇಚನೆ, ನಮ್ಮ ಹಕ್ಕಲ್ಲ. ಸರ್ಕಾರವೇ ಮಾಡಿದ ಆದೇಶಕ್ಕೆ ಈ ದಾರಿಯಿಲ್ಲ.

ಕಡತದ ನಕಲು ಬರಲೆಂದು ಕಾಯುವವರು ನಮ್ಮಲ್ಲಿದ್ದಾರೆ. 2005ರ ಮಾಹಿತಿ ಹಕ್ಕು ಕಾಯಿದೆ ಉತ್ತರಕ್ಕೆ ಕೊಟ್ಟಿರುವ ಅವಧಿಯೂ 30 ದಿನವೇ! ನಕಲು ಬರುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ಆದುದರಿಂದ ಆದೇಶ ತಲುಪಿದ ದಿನವನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಡೋಣ. ಎರಡು ಅರ್ಜಿಗಳನ್ನೂ ಒಟ್ಟಿಗೇ ಹಾಕೋಣ. ಗುತ್ತಿಗೆಯ ಹಣದಲ್ಲಿ ಗಿರಣಿ ಕಾರ್ಮಿಕನ ಬೆವರಿನ ಪಾಲೂ ಇದೆ. ತಡವಾದ ಕೂಗು ಎಷ್ಟು ನ್ಯಾಯವಾದರೂ ಜಗಲಿಯಲ್ಲೇ ಉಳಿಯುತ್ತದೆ.