ಭೂಭ್ರಮಣವೂ ಆಟದ ಬಯಲೂ

ಭೂಮಿಯು ತನ್ನ ಅಕ್ಷದ ಮೇಲೆ ದಿನಕ್ಕೊಂದಾವೃತ್ತಿ ಸುತ್ತುವುದೆಂಬುದನ್ನು ಶ್ರೋತೃಗಳೆಲ್ಲರೂ ಬಲ್ಲರು. ತುಮಕೂರು ನಗರವು ಉತ್ತರ ಅಕ್ಷಾಂಶ ಸುಮಾರು 13 ಡಿಗ್ರಿ 20 ಮಿನಿಟಿನಲ್ಲಿರುವುದರಿಂದ, ಅದರ ಬೀದಿಬಯಲುಗಳು ಗಂಟೆಗೆ ಸುಮಾರು 1,630 ಕಿಲೋಮೀಟರು ವೇಗದಿಂದ ಪೂರ್ವಕ್ಕೆ ಧಾವಿಸುತ್ತಿವೆ. ಹಾಗಾದರೆ ಅಲ್ಲಿ ಆಡುವವರ ಆಟಕ್ಕೆ ಇದರಿಂದ ಏನೂ ಆಗದೆ?

ಸಮವೇಗದಿಂದ ನೇರವಾಗಿ ಸಾಗುವ ರೈಲಿನಲ್ಲಿ ಮೇಲೆಸೆದ ಚೆಂಡು ಎಸೆದವನ ಕೈಗೇ ಬರುವುದು. ರೈಲಿನ ವೇಗವು ಚೆಂಡಿಗೂ ಉಂಟಷ್ಟೆ. ಆದರೆ ಭೂಮಿಯು ನೇರ ಸಾಗದೆ ತಿರುಗುತ್ತಿದೆ. ಆದಕಾರಣ ಉತ್ತರಾರ್ಧಗೋಳದಲ್ಲಿ ಚಲಿಸುವ ವಸ್ತುವು ತನ್ನ ಬಲಕ್ಕೆ ಕೊಂಚ ಓರೆಯಾಗುವುದು. ತಿರುಗುವ ಯಂತ್ರಗಳನ್ನು ಕುರಿತು 1835ರಲ್ಲಿ ಬರೆದ ಫ್ರಾನ್ಸಿನ ಕೊರಿಯೋಲಿಸನ ಹೆಸರು ಈ ಪರಿಣಾಮಕ್ಕೆ ನಿಂತಿದೆ.

ಇದರ ಪ್ರಮಾಣವನ್ನು ನೋಡೋಣ. ಗುಬ್ಬಿಯ ಬಯಲಿನಲ್ಲಿ ವೇಗದ ಬೌಲರನು ಎಸೆದ ಚೆಂಡು ಅರ್ಧ ಸೆಕೆಂಡಿನಲ್ಲಿ ವಿಕೆಟ್ಟನ್ನು ಮುಟ್ಟುವಷ್ಟರಲ್ಲಿ ಮಿಲಿಮೀಟರಿನ ಏಳರಲ್ಲೊಂದು ಪಾಲು ಓರೆಯಾದೀತು. ಚೆಂಡಿನ ಸ್ವಿಂಗು ಅದರ ಹೊಲಿಗೆಯದೂ ಗಾಳಿಯದೂ ಹೊರತು ಭೂಭ್ರಮಣದ್ದಲ್ಲ. ಟೀಪೂ ಸುಲ್ತಾನನ ಕಾಲದಿಂದ ಅಶ್ವಪಾಲನೆಗೆ ಹೆಸರಾದ ಕುಣಿಗಲಿನಲ್ಲಿ, ಐನೂರು ಕಿಲೋಗ್ರಾಂ ತೂಕದ ಕುದುರೆಯೊಂದು ಗಂಟೆಗೆ ಅರುವತ್ತು ಕಿಲೋಮೀಟರು ವೇಗದಿಂದ ಓಡಿದರೆ, ಅದನ್ನು ಬಲಕ್ಕೆ ತಳ್ಳುವ ಬಲವು ಹೆಚ್ಚುಕಡಮೆ ಎರಡೂವರೆ ತೊಲದ ಭಾರದಷ್ಟು ಮಾತ್ರ.

ಭರ್ಜಿಯ ಎಸೆತದಲ್ಲಿ ಲೆಕ್ಕವು ಬೆಳೆಯುವುದು. 2025ನೆಯ ಜುಲೈ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ ಚೋಪ್ರಾ ಅವರು 86.18 ಮೀಟರು ಎಸೆದು ಗೆದ್ದರು. ಅಂಥ ಎಸೆತವು ತುಮಕೂರಿನಲ್ಲಿ ನಡೆದರೆ, ಗಾಳಿಯ ತಡೆಯನ್ನು ಬಿಟ್ಟು ಎಣಿಸಿದಲ್ಲಿ, ಭರ್ಜಿಯು ಬಲಕ್ಕೆ ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು ಓರೆಯಾಗುವುದು. ಪೂರ್ವಕ್ಕೆ ಎಸೆದರೆ ಸುಮಾರು ಎರಡು ಸೆಂಟಿಮೀಟರು ಮುಂದೆ, ಪಶ್ಚಿಮಕ್ಕೆ ಎಸೆದರೆ ಅಷ್ಟೇ ಹಿಂದೆ ಬೀಳುವುದು. ದೂರವನ್ನು ಸೆಂಟಿಮೀಟರಿನಲ್ಲಿಯೇ ಅಳೆಯುವ ಆಟಕ್ಕೆ ಇದು ಸಣ್ಣ ಮಾತಲ್ಲ.

ಇದಕ್ಕಿಂತ ದೊಡ್ಡದು ಇನ್ನೊಂದುಂಟು. ತಿರುಗುವಿಕೆಯಿಂದಲೇ ಭೂಮಿಯು ನಡುವೆ ಉಬ್ಬಿದೆ; ಅದರಿಂದಲೂ ಕೇಂದ್ರಾಪಗಾಮಿ ಬಲದಿಂದಲೂ ವಿಷುವದ್ರೇಖೆಯ ಸಮೀಪದಲ್ಲಿ ವಸ್ತುಗಳ ತೂಕವು ಕಡಮೆ. ಆದ್ದರಿಂದ ಅದೇ ತೋಳು ಅದೇ ವೇಗದಿಂದ ಎಸೆದ ಭರ್ಜಿಯು ಫಿನ್ಲೆಂಡಿನ ಹೆಲ್ಸಿಂಕಿಗಿಂತ ತುಮಕೂರಿನಲ್ಲಿ ಮೂವತ್ತು ಸೆಂಟಿಮೀಟರಿಗೂ ಮಿಗಿಲಾಗಿ ಮುಂದೆ ಹೋದೀತು.

ಒಂದೇ ಬಯಲಿನಲ್ಲಿ ಒಂದೇ ದಿಕ್ಕಿಗೆ ಎಸೆಯುವವರಲ್ಲಿ ಇದರಿಂದ ಅನ್ಯಾಯವಿಲ್ಲ. ಊರೂರುಗಳ ದಾಖಲೆಗಳನ್ನು ಹೋಲಿಸುವಾಗ ಮಾತ್ರ ವಿಚಾರಿಸಬೇಕು. ನೂರು ಮೀಟರು ಓಟದಲ್ಲಿ ಹಿಂದಿನಿಂದ ಬೀಸುವ ಗಾಳಿಯು ಸೆಕೆಂಡಿಗೆ ಎರಡು ಮೀಟರನ್ನು ಮೀರಿದರೆ ದಾಖಲೆಯನ್ನು ಒಪ್ಪುವುದಿಲ್ಲ. ಅಕ್ಷಾಂಶಕ್ಕಾದರೋ ಯಾವ ಕಟ್ಟಳೆಯೂ ಇಲ್ಲ. ಒಂದು ಸೆಂಟಿಮೀಟರಿನಿಂದ ಹಿರಿಕಿರಿತನವನ್ನು ತೀರ್ಮಾನಿಸುವ ಮುನ್ನ, ಕಾಲಡಿಯ ನೆಲದ ಪಾಲನ್ನೂ ಲೆಕ್ಕಕ್ಕೆ ತಂದುಕೊಳ್ಳುವುದು ವಿವೇಕ.